ಹೆಸರು ಬಂತು, ಅಂಗಿ ಬಂತು, ಆಟಗಾರರೆಲ್ಲಿ?

2021ರ ಅಕ್ಟೋಬರ್ 13ರಂದು ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್ (ಎನ್‌ಆರ್‌ಎಲ್) ತನ್ನ ಹದಿನೇಳನೇ ತಂಡವನ್ನು ಘೋಷಿಸಿತು. ಹೆಸರು ಡಾಲ್ಫಿನ್ಸ್. ಕೆಂಪು ಅಂಗಿ ಇತ್ತು, ಕಡಲಂಚಿನ ಊರಿನಲ್ಲಿ ಸ್ವಂತ ಮೈದಾನವಿತ್ತು, ಸದಸ್ಯರ ಕ್ಲಬ್ಬಿನಿಂದ ಬರುವ ದುಡ್ಡೂ ಇತ್ತು. ಮರುತಿಂಗಳು ಆ ಲೀಗಿನ ಅತ್ಯಂತ ಅನುಭವಿ ಕೋಚ್ ವೇಯ್ನ್ ಬೆನೆಟ್ ಕೂಡ ಬಂದರು. ಇಲ್ಲದ್ದು ಆಟಗಾರರು ಮಾತ್ರ. ಒಬ್ಬರೂ ಇರಲಿಲ್ಲ. ಮೊದಲ ಪಂದ್ಯ 2023ರ ಮಾರ್ಚ್‌ನಲ್ಲಿ ಎಂದು ಗೊತ್ತಾಗಿತ್ತು. ಅಷ್ಟರೊಳಗೆ ಮೂವತ್ತು ಜನರನ್ನು ಹುಡುಕಿ, ಒಪ್ಪಿಸಿ, ಸಹಿ ಹಾಕಿಸಿಕೊಂಡು, ಒಂದು ಬೇಸಿಗೆಯಿಡೀ ಓಡಿಸಿ ಬೆವರಿಳಿಸಿ, ತಂಡವೆಂದು ಕರೆಯಬಹುದಾದ ಒಂದನ್ನು ಕಟ್ಟಿ ನಿಲ್ಲಿಸಬೇಕಿತ್ತು.

ಎಲ್ಲ ಕ್ಲಬ್ಬುಗಳೂ ಪ್ರತಿ ವರ್ಷ ಮಾಡುವ ಕೆಲಸವೇ ಇದು, ಆದರೆ ಅವು ಮಾಡುವುದು ತುಣುಕು ತುಣುಕಾಗಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಫೈನಲ್ ಮುಗಿಯುತ್ತದೆ. ಮಾರ್ಚ್ ತನಕ ಲೀಗಿನಲ್ಲಿ ಪಂದ್ಯವಿಲ್ಲ. ಆ ಐದು ತಿಂಗಳಲ್ಲಿ ಕೆಲವರು ಹೋಗುತ್ತಾರೆ, ಕೆಲವರು ಬರುತ್ತಾರೆ, ಹೊಸಬರು ಹಳಬರ ನಡುವೆ ಕರಗಿಹೋಗುತ್ತಾರೆ. ಯಾರನ್ನು ಯಾಕೆ ತಂದರು, ಯಾರಿಗಾಗಿ ಯಾರನ್ನು ಬಿಟ್ಟರು ಎಂಬ ಲೆಕ್ಕಾಚಾರ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಡಾಲ್ಫಿನ್ಸ್‌ನಲ್ಲಿ ಹಳಬರೇ ಇರಲಿಲ್ಲವಾದ್ದರಿಂದ ಲೆಕ್ಕವೆಲ್ಲ ಬಯಲಲ್ಲೇ ನಡೆಯಿತು. ರಗ್ಬಿ ಲೀಗ್ ಕ್ಲಬ್ಬೊಂದು ಬಿಡುವಿನ ಕಾಲದಲ್ಲಿ ಏನು ಮಾಡುತ್ತದೆ ಎಂದು ತಿಳಿಯಬೇಕಾದವರು ಪದೇ ಪದೇ ಕಪ್ ಗೆದ್ದ ತಂಡಗಳನ್ನು ಬಿಟ್ಟು ಈ ತಂಡವನ್ನು ನೋಡುವುದು ಒಳ್ಳೆಯದು.

ಆಟದ ಬಗ್ಗೆ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ರಗ್ಬಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹದಿನೈದು ಜನರ ರಗ್ಬಿ ಯೂನಿಯನ್ ಗೊತ್ತು. ಅಥವಾ 2025ರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ಹೆಸರಿನ ತಂಡ ಆಡಿದ ಏಳು ಜನರ ಆಟ ಗೊತ್ತು. ರಗ್ಬಿ ಲೀಗ್ ಇವೆರಡೂ ಅಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಮತ್ತು ಗಣಿ ಕಾರ್ಮಿಕರು ಪಂದ್ಯಕ್ಕೆ ಹೋದರೆ ಆ ಹೊತ್ತಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಅದನ್ನು ತುಂಬಿಕೊಡಿ ಎಂಬ ಬೇಡಿಕೆಯನ್ನು ಆಟದ ಯಜಮಾನರು ತಳ್ಳಿಹಾಕಿದ್ದರಿಂದ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಮನೆ ಬೇರೆ ಮಾಡಿಕೊಂಡವು. ಆಟಗಾರನಿಗೆ ಎಷ್ಟು ಕೊಡಬೇಕು ಎಂಬ ಜಗಳದಲ್ಲೇ ಹುಟ್ಟಿದ ಆಟ ಇದು. ಆ ಜಗಳ ಇವತ್ತಿಗೂ ಮುಗಿದಿಲ್ಲ ಎನ್ನುವುದು ಮುಂದೆ ಗೊತ್ತಾಗುತ್ತದೆ. 1908ರಲ್ಲಿ ಸಿಡ್ನಿಯಲ್ಲಿ ಶುರುವಾದ ಲೀಗು ಬೆಳೆದು, ಕವಲೊಡೆದು, ಮತ್ತೆ ಕೂಡಿ 1998ರಲ್ಲಿ ಈಗಿನ ಎನ್‌ಆರ್‌ಎಲ್ ಆಯಿತು.

ಒಂದು ಕಡೆ ಹದಿಮೂರು ಜನ. ಚೆಂಡು ಕೈಯಲ್ಲಿದ್ದ ತಂಡಕ್ಕೆ ಆರು ಟ್ಯಾಕಲ್‌ಗಳಷ್ಟು ಅವಕಾಶ. ಅಷ್ಟರಲ್ಲಿ ಗೆರೆ ದಾಟಿ ಟ್ರೈ ಗಳಿಸದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ರೈಡರ್‌ನನ್ನು ಮೂವರು ಸೇರಿ ಅಡಕತ್ತರಿಯಲ್ಲಿ ಸಿಕ್ಕಿಸಿ ಕೆಡವುವುದನ್ನು ನೆನೆಸಿಕೊಳ್ಳಿ. ಇಲ್ಲಿ ಅಂಥ ಕೆಡವಾಟ ಎಂಬತ್ತು ನಿಮಿಷದಲ್ಲಿ ಎರಡೂ ಕಡೆ ಸೇರಿ ಆರುನೂರಕ್ಕೂ ಹೆಚ್ಚು ಬಾರಿ ನಡೆಯುತ್ತದೆ, ಅದೂ ನೂರು ಕಿಲೋ ತೂಗುವವರ ನಡುವೆ. ಪ್ರತಿ ಟ್ಯಾಕಲ್ ಆದ ಮೇಲೆ ತಡೆಯುವ ತಂಡ ಹತ್ತು ಮೀಟರ್ ಹಿಂದೆ ಓಡಿ ಮತ್ತೆ ಗೆರೆ ಕಟ್ಟಬೇಕು. ಫುಲ್‌ಬ್ಯಾಕ್, ಇಬ್ಬರು ಹಾಫ್‌ಗಳು, ಹುಕರ್ ಈ ನಾಲ್ವರನ್ನು ತಂಡದ ಬೆನ್ನುಮೂಳೆ ಎನ್ನುತ್ತಾರೆ; ಒಂದು, ಆರು, ಏಳು, ಒಂಬತ್ತನೇ ಅಂಗಿ ಅವರದು. ಪೋಸ್ಟರ್‌ನಲ್ಲಿ ಕಾಣುವ ಮುಖಗಳೂ, ಸಂಬಳದ ದೊಡ್ಡ ಪಾಲೂ ಅವರದೇ. ಡಿಕ್ಕಿ ಹೊಡೆದು ದಾರಿ ಮಾಡಿಕೊಡುವ ಎಂಟು ಮತ್ತು ಹತ್ತನೇ ಅಂಗಿಯ ಪ್ರಾಪ್‌ಗಳ ಮುಖ ಊರವರಿಗಷ್ಟೇ ಗೊತ್ತಿರುತ್ತದೆ.

ಇನ್ನು ಸಂತೆಯ ಕಟ್ಟಳೆಗಳು. ಐಪಿಎಲ್ ನೋಡಿ ಬೆಳೆದ ನಮಗೆ ಆಟಗಾರರನ್ನು ತರುವುದೆಂದರೆ ಹರಾಜು ನೆನಪಾಗುತ್ತದೆ: ಸುತ್ತಿಗೆ, ಟೇಬಲ್ಲುಗಳು, ಎತ್ತಿದ ಫಲಕ, ಎರಡು ದಿನದಲ್ಲಿ ಎಲ್ಲ ಮುಕ್ತಾಯ. ಹರಾಜಿನಲ್ಲಿ ಆಟಗಾರನಿಗೆ ತಾನು ಯಾವ ಊರಿಗೆ ಹೋಗುತ್ತೇನೆ ಎಂಬುದರ ಮೇಲೆ ಹಿಡಿತವಿಲ್ಲ. ಎನ್‌ಆರ್‌ಎಲ್‌ನಲ್ಲಿ ಹಾಗಿಲ್ಲ. ಒಪ್ಪಂದ ಮುಗಿದ ಆಟಗಾರರನ್ನು ಕ್ಲಬ್ಬುಗಳಿಗೆ ಸರದಿಯಂತೆ ಹಂಚುವ ಡ್ರಾಫ್ಟ್ ಪದ್ಧತಿಯನ್ನು ಅಲ್ಲಿಯೂ ಒಮ್ಮೆ ತಂದು ನೋಡಿದ್ದರು. ಇಷ್ಟವಿಲ್ಲದ ಕ್ಲಬ್ಬಿಗೆ ಹೋಗಲೊಲ್ಲದ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ದುಡಿಯುವವನ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಎಂದು ಫೆಡರಲ್ ನ್ಯಾಯಾಲಯ 1991ರಲ್ಲಿ ಅದನ್ನು ಹೊಡೆದುಹಾಕಿತು. ಹಾಗಾಗಿ ಅಲ್ಲಿ ಆಟಗಾರನನ್ನು ಒಪ್ಪಿಸಬೇಕು. ಅವನ ಏಜೆಂಟನ್ನು ಒಪ್ಪಿಸಬೇಕು. ಹೆಂಡತಿಗೆ ಆ ಊರು ಹಿಡಿಸುತ್ತದೆಯೇ, ಮಕ್ಕಳಿಗೆ ಶಾಲೆ ಎಲ್ಲಿ ಎಂಬುದೂ ಮಾತುಕತೆಯ ಭಾಗ.

ಒಪ್ಪಿಸಲು ಮನಸ್ಸಿಗೆ ಬಂದಷ್ಟು ದುಡ್ಡು ಸುರಿಯುವಂತಿಲ್ಲ. 1990ರಿಂದ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಎಷ್ಟೇ ಸಿರಿವಂತ ಕ್ಲಬ್ಬಾದರೂ ತನ್ನ ಮೂವತ್ತು ಜನರ ಮುಖ್ಯ ಪಟ್ಟಿಗೆ ಆ ಮಿತಿಯೊಳಗೇ ಹಂಚಬೇಕು. ಒಬ್ಬ ತಾರೆಗೆ ಹತ್ತು ಲಕ್ಷ ಡಾಲರ್ ಕೊಟ್ಟರೆ ಆ ದುಡ್ಡು ಪಟ್ಟಿಯ ಕೊನೆಯ ಏಳೆಂಟು ಜನರ ತಟ್ಟೆಯಿಂದ ಹೋದಂತೆ.

ಈ ಮಿತಿ ಬರೀ ಕಾಗದದ ಹುಲಿಯಲ್ಲ ಎಂಬುದಕ್ಕೆ ಮೆಲ್ಬರ್ನ್ ಸ್ಟಾರ್ಮ್ ಸಾಕ್ಷಿ. ಆ ಕ್ಲಬ್ಬು ಎರಡು ಬಗೆಯ ಲೆಕ್ಕಪತ್ರ ಇಟ್ಟುಕೊಂಡು ಆಟಗಾರರಿಗೆ ಗುಟ್ಟಾಗಿ ಹೆಚ್ಚು ಕೊಡುತ್ತಿದ್ದುದು 2010ರ ಏಪ್ರಿಲ್‌ನಲ್ಲಿ ಬಯಲಾಯಿತು. 2007 ಮತ್ತು 2009ರ ಕಪ್‌ಗಳನ್ನು ಕಿತ್ತುಕೊಂಡರು, ಐದು ಲಕ್ಷ ಡಾಲರ್ ದಂಡ ಹಾಕಿದರು, ಬಹುಮಾನದ ಹಣ ವಾಪಸು ಪಡೆದರು. ಆಮೇಲಿನದು ಇನ್ನೂ ಕ್ರೂರ. ಆ ವರ್ಷದ ಉಳಿದ ಪಂದ್ಯಗಳನ್ನು ಆಡಲೇಬೇಕು, ಗೆದ್ದರೂ ಅಂಕ ಸೊನ್ನೆ! ಅಂಥ ವರ್ಷದಲ್ಲಿ ಮೆಲ್ಬರ್ನ್ ಪರ ಮೊದಲ ಬಾರಿಗೆ ಅಂಗಿ ತೊಟ್ಟವರಲ್ಲಿ ಜೆಸ್ಸಿ ಬ್ರಾಮ್‌ವಿಚ್ ಎಂಬ ನ್ಯೂಜಿಲೆಂಡಿನ ಯುವ ಪ್ರಾಪ್ ಒಬ್ಬರು. ಈ ಹೆಸರು ನೆನಪಿರಲಿ.

ಇನ್ನೊಂದು ಕಟ್ಟಳೆ ನವೆಂಬರ್ 1. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ಆ ದಿನದಿಂದ ಬೇರೆ ಕ್ಲಬ್ಬುಗಳ ಜೊತೆ ಬಹಿರಂಗವಾಗಿ ಮಾತಾಡಬಹುದು. ಸಹಿ ಹಾಕಿದ ಮೇಲೂ ಒಂದಿಡೀ ವರ್ಷ ಹಳೆಯ ಕ್ಲಬ್ಬಿಗೇ ಆಡಬೇಕು. ಮುಂದಿನ ವರ್ಷ ಯಾರ ಎದುರು ಆಡುತ್ತೇನೋ ಅವರ ಅಂಗಿಯಲ್ಲೇ ಈ ವರ್ಷ ಜೀವ ತೆತ್ತು ಆಡುವುದು ವಿಚಿತ್ರ ಸ್ಥಿತಿ. ಅಭಿಮಾನಿಗಳು ಇದನ್ನು ಪ್ರತಿ ವರ್ಷ ಬಯ್ಯುತ್ತಾರೆ, ಲೀಗು ಪ್ರತಿ ವರ್ಷ ಕೇಳಿಸಿಕೊಂಡು ಸುಮ್ಮನಾಗುತ್ತದೆ. ಡಾಲ್ಫಿನ್ಸ್ ಪಾಲಿಗೆ ಇದರ ಅರ್ಥ ಸರಳ. 2022ರ ಕೊನೆಗೆ ಯಾರ ಒಪ್ಪಂದ ಮುಗಿಯುತ್ತದೋ ಹೆಚ್ಚಾಗಿ ಅವರೇ ಸಂತೆಯಲ್ಲಿದ್ದ ಸರಕು, ಮತ್ತು ಆ ಸಂತೆಯಲ್ಲಿ ಹಳೆಯ ಹದಿನಾರು ಗಿರಾಕಿಗಳೂ ನಿಂತಿದ್ದರು.

ಈಗ ಊರಿನ ವಿಷಯ. ಬ್ರಿಸ್ಬೇನ್‌ನಿಂದ ಈಶಾನ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಸಮುದ್ರಕ್ಕೆ ಚಾಚಿಕೊಂಡ ರೆಡ್‌ಕ್ಲಿಫ್ ಎಂಬ ನೆಲ. ಹೊರಗಿನವರಿಗೆ ಅದು ಬೀ ಜೀಸ್ ಹಾಡುಗಾರ ಸಹೋದರರು ಬಾಲ್ಯ ಕಳೆದ ಊರು. ಒಳಗಿನವರಿಗೆ ಅದು 1947ರಲ್ಲಿ ಹುಟ್ಟಿದ ಡಾಲ್ಫಿನ್ಸ್ ಕ್ಲಬ್ಬಿನ ಊರು, ಆಸ್ಟ್ರೇಲಿಯಾ ತಂಡದ ನಾಯಕತ್ವ ವಹಿಸಿದ ಮೊದಲ ಮೂಲನಿವಾಸಿ ಆಟಗಾರ ಆರ್ಥರ್ ಬೀಟ್‌ಸನ್ ಆಡಿದ ಊರು. ದಶಕಗಟ್ಟಲೆ ಅವರು ರಾಜ್ಯಮಟ್ಟದ ಲೀಗಿನಲ್ಲೇ ಇದ್ದರು. ಬ್ರಿಸ್ಬೇನ್‌ಗೆ ಎರಡನೇ ತಂಡ ಕೊಡಬೇಕೆಂದು ಲೀಗು ತೀರ್ಮಾನಿಸಿದಾಗ ಫೈರ್‌ಹಾಕ್ಸ್, ಜೆಟ್ಸ್ ಎಂಬ ಇನ್ನಿಬ್ಬರು ಅರ್ಜಿದಾರರನ್ನು ಹಿಂದಿಕ್ಕಿ ಗೆದ್ದರು. ಹೆಸರಿನಲ್ಲಿ ಊರು ಬೇಡ, ಇಡೀ ಪ್ರದೇಶದ ತಂಡ ಎನಿಸಿಕೊಳ್ಳಬೇಕು ಎಂದು ಬರಿಯ ‘ಡಾಲ್ಫಿನ್ಸ್’ ಆದರು. ಜಾಹೀರಾತಿನವರ ಈ ಜಾಣತನ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಊರಿನ ಹೆಸರಿಲ್ಲದ ತಂಡವನ್ನು ಕೂಗಿ ಕರೆಯುವುದು ಹೇಗೆ?

ಆಟಗಾರರನ್ನು ಹುಡುಕುವ ಹೊಣೆ ಪೀಟರ್ ಒಸುಲಿವನ್ ಅವರದು. ಹಲವು ಕ್ಲಬ್ಬುಗಳಲ್ಲಿ ಇದೇ ಕೆಲಸ ಮಾಡಿ ಪಳಗಿದವರು. ಕೊನೆಯ ಮಾತು ಬೆನೆಟ್ ಅವರದು. ಹಿಂದೆ ಪೊಲೀಸ್ ಕೆಲಸದಲ್ಲಿದ್ದ, ಮಾತು ಕಡಿಮೆಯ ಈ ಮನುಷ್ಯ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಆರು, ಸೇಂಟ್ ಜಾರ್ಜ್ ಇಲವಾರಾಗೆ ಒಂದು, ಒಟ್ಟು ಏಳು ಕಪ್ ಗೆದ್ದುಕೊಟ್ಟವರು. ಬ್ರಾಂಕೋಸ್ ತಂಡ 1988ರಲ್ಲಿ ಶುರುವಾದಾಗಲೂ ಮೊದಲ ಕೋಚ್ ಅವರೇ. ಹೊಸ ತಂಡ ಕಟ್ಟುವುದು ಅವರಿಗೆ ಹೊಸದಲ್ಲ. ಆದರೆ ಆಗ ಕೈತುಂಬ ತಾರೆಗಳಿದ್ದರು.

ಪತ್ರಿಕೆಗಳು ಎರಡು ಹೆಸರು ಹಿಡಿದು ಜಪ ಮಾಡಿದವು. ಒಂದು ನ್ಯೂಕ್ಯಾಸಲ್‌ನ ಫುಲ್‌ಬ್ಯಾಕ್ ಕೇಲಿನ್ ಪೊಂಗಾ, ಇನ್ನೊಂದು ಮೆಲ್ಬರ್ನ್‌ನ ಕ್ಯಾಮರಾನ್ ಮನ್‌ಸ್ಟರ್. ಇಬ್ಬರೂ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪರ ಆಡುವವರು, ಇಬ್ಬರನ್ನೂ ಡಾಲ್ಫಿನ್ಸ್ ಮಾತಾಡಿಸಿತು. 2022ರ ಏಪ್ರಿಲ್‌ನಲ್ಲಿ ಪೊಂಗಾ ಹಳೆಯ ಕ್ಲಬ್ಬಿನಲ್ಲೇ ಉಳಿದರು. ಅಕ್ಟೋಬರ್‌ನಲ್ಲಿ ಮನ್‌ಸ್ಟರ್ ಕೂಡ. ಹೊಸ ಕ್ಲಬ್ಬೊಂದು ದೊಡ್ಡ ಮೊತ್ತ ಹಿಡಿದು ಬಾಗಿಲಲ್ಲಿ ನಿಂತಿದೆ ಎಂದರೆ ಏಜೆಂಟರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಅದನ್ನು ತೋರಿಸಿ ಹಳೆಯ ಕ್ಲಬ್ಬಿನಲ್ಲೇ ಸಂಬಳ ಏರಿಸಿಕೊಳ್ಳಬಹುದು. ಆ ವರ್ಷ ಡಾಲ್ಫಿನ್ಸ್ ಬೇರೆಯವರ ಆಟಗಾರರಿಗೆ ಸಂಬಳ ಹೆಚ್ಚಿಸಿಕೊಟ್ಟಷ್ಟು ತನ್ನವರಿಗೆ ಹೆಚ್ಚಿಸಲಿಲ್ಲ ಎಂದು ನನಗನ್ನಿಸುತ್ತದೆ. ಮೇಲಾಗಿ ಇಪ್ಪತ್ತೈದರ ಆಸುಪಾಸಿನ ತಾರೆಯೊಬ್ಬ ಗೆಲ್ಲುವ ತಂಡ ಬಿಟ್ಟು, ಇನ್ನೂ ಒಂದು ಪಂದ್ಯವನ್ನೂ ಆಡಿರದ ತಂಡಕ್ಕೆ ಯಾಕೆ ಬರಬೇಕು?

ಬಂದವರು ಬೇರೆ ಬಗೆಯವರು. ಮೊದಲ ಸಹಿ ಪ್ಯಾರಮಟ್ಟಾ ತಂಡದ ರೇ ಸ್ಟೋನ್ ಅವರದು. ಪೋಸ್ಟರಿನ ಮುಖವಲ್ಲ, ಬೆಂಚಿನಿಂದ ಎದ್ದುಬಂದು ಮೈಮುರಿಯೆ ಟ್ಯಾಕಲ್ ಮಾಡಿ ಮತ್ತೆ ಬೆಂಚಿಗೆ ಹೋಗುವ ಗಟ್ಟಿಗ. 2022ರ ಮಾರ್ಚ್‌ನಲ್ಲಿ ಅವರು ಹಳೆಯ ಕ್ಲಬ್ಬಿನ ಪರ ಮೆಲ್ಬರ್ನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಟ್ರೈ ಗಳಿಸಿದರು. ಅದೇ ಟ್ರೈಗೆ ನುಗ್ಗುವಾಗ ಮಂಡಿಯ ಅಸ್ಥಿರಜ್ಜು ಹರಿಯಿತು. ಡಾಲ್ಫಿನ್ಸ್‌ನ ಮೊಟ್ಟಮೊದಲ ಆಟಗಾರ ಹೊಸ ಅಂಗಿ ತೊಡುವುದಕ್ಕೆ ವರ್ಷ ಮುಂಚೆಯೇ ಶಸ್ತ್ರಚಿಕಿತ್ಸೆಯ ಮಂಚ ಸೇರಿದರು. ವರ್ಷ ಮೊದಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿಯಲ್ಲಿ ಈ ಅಪಾಯ ಇದ್ದದ್ದೇ: ಸರಕು ನಿಮ್ಮದು, ಸವೆಸುವವರು ಇನ್ನೊಬ್ಬರು.

ಆಮೇಲೆ ಮೆಲ್ಬರ್ನ್‌ನಿಂದ ಒಂದೇ ಮನೆಯವರಂತೆ ಮೂವರು ಬಂದರು. ಫೆಲೀಸ್ ಕೌಫುಸಿ, ಕೆನ್ನಿ ಬ್ರಾಮ್‌ವಿಚ್, ಮತ್ತು ಕೆನ್ನಿಯ ಅಣ್ಣ ಜೆಸ್ಸಿ ಬ್ರಾಮ್‌ವಿಚ್. ಸೊನ್ನೆ ಅಂಕದ ವರ್ಷದಲ್ಲಿ ಆಟ ಶುರುಮಾಡಿದ ಆ ಜೆಸ್ಸಿ ಈ ಹೊತ್ತಿಗೆ ಮೂವತ್ತಮೂರರ ಹಿರಿಯ, ಮೂರು ಕಪ್ ಗೆದ್ದವರು, ನ್ಯೂಜಿಲೆಂಡಿನ ನಾಯಕ. ಸೌತ್ ಸಿಡ್ನಿಯಿಂದ ಮಾರ್ಕ್ ನಿಕಲ್ಸ್, ಗೋಲ್ಡ್ ಕೋಸ್ಟ್‌ನಿಂದ ಜ್ಯಾರಡ್ ವಾಲೆಸ್, ಟೌನ್ಸ್‌ವಿಲ್‌ನಿಂದ ಟಾಮ್ ಗಿಲ್ಬರ್ಟ್. ಪಟ್ಟಿ ನೋಡಿದ ಪಂಡಿತರು ನಕ್ಕರು. ಮುಂದಿನ ಸಾಲಿನಲ್ಲಿ ಮುದುಕರು, ಹಿಂದಿನ ಸಾಲಿನಲ್ಲಿ ಯಾರೂ ಇಲ್ಲ ಎಂಬುದು ಅವರ ಟೀಕೆಯ ಸಾರ. ಬಾಜಿ ಕಟ್ಟುವವರು ಕೊನೆಯ ಸ್ಥಾನಕ್ಕೆ ಡಾಲ್ಫಿನ್ಸ್ ಹೆಸರನ್ನೇ ಬರೆದಿಟ್ಟರು.

ಬೆನೆಟ್ ಅವರ ಲೆಕ್ಕ ಬೇರೆ ಇತ್ತು. ತಾರೆ ಸಿಗದಿದ್ದಾಗ ಅವನಿಗಾಗಿ ಇಟ್ಟ ದುಡ್ಡಿನಲ್ಲಿ ಅರ್ಧ ತಾರೆಯನ್ನು ತರುವುದು ಹೊಸ ಕ್ಲಬ್ಬುಗಳು ಬೀಳುವ ಹಳ್ಳ. ಅವನಿಗೆ ತಾರೆಯ ಸಂಬಳ, ಆಟ ಮಾತ್ರ ಸಾಧಾರಣ, ಒಪ್ಪಂದ ಐದು ವರ್ಷ. ಡಾಲ್ಫಿನ್ಸ್ ಹಳ್ಳ ಬಳಸಿಕೊಂಡು ಹೋಯಿತು. ಗೆದ್ದು ಅಭ್ಯಾಸವಿರುವ, ಬೆಳಗ್ಗೆ ಮೊದಲು ಬಂದು ಕೊನೆಗೆ ಹೋಗುವ, ಕಿರಿಯರು ಕಣ್ಣಿಟ್ಟು ನೋಡುವಂಥ ಗಟ್ಟಿ ಮುಂಚೂಣಿ ಆಟಗಾರರಿಗೆ ಮೊದಲ ಖರ್ಚು. ಬೆನ್ನುಮೂಳೆಗೆ ಬೇರೆ ಕಡೆ ದಾರಿ ಮುಚ್ಚಿದವರು. ಇಸಾಯಾ ಕಟೋವಾ ಎಂಬ ಹುಡುಗ ಪೆನ್ರಿತ್ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದರು. ಅಲ್ಲಿ ಹಾಫ್‌ಗಳ ಜಾಗದಲ್ಲಿ ನೇಥನ್ ಕ್ಲೀರಿ, ಜರೋಮ್ ಲುವಾಯ್ ಇದ್ದರು. ಕಾದರೆ ಎಷ್ಟು ವರ್ಷವೋ. ಎನ್‌ಆರ್‌ಎಲ್‌ನಲ್ಲಿ ಒಂದೂ ಪಂದ್ಯ ಆಡಿರದ ಅವರನ್ನು ಡಾಲ್ಫಿನ್ಸ್ ಕರೆತಂದಿತು. ಗಾಳಿಯಂತೆ ಓಡುವ ಹಮೀಸೊ ಟಬುವಾಯ್-ಫಿಡೊ ಟೌನ್ಸ್‌ವಿಲ್‌ನಲ್ಲಿ ಫುಲ್‌ಬ್ಯಾಕ್ ಜಾಗ ಕಳೆದುಕೊಂಡು ಅಂಚಿನಲ್ಲಿ ನಿಂತಿದ್ದರು. ಅವರಿಗೆ ಒಂದನೇ ಅಂಗಿ ಕೊಟ್ಟರು. ಜಮೇಯ್ನ್ ಇಸಾಕೊ ಒಂದೇ ವರ್ಷದಲ್ಲಿ ಬ್ರಿಸ್ಬೇನ್‌ನಿಂದ ಗೋಲ್ಡ್ ಕೋಸ್ಟ್‌ಗೆ, ಅಲ್ಲಿಂದ ಇಲ್ಲಿಗೆ ಬಂದವರು. ಅವರಿಗಾಗಿ ಯಾರೂ ಜಗಳವಾಡಿರಲಿಲ್ಲ.

ಸಹಿಗಳ ಗದ್ದಲ ಮುಗಿದು 2022ರ ನವೆಂಬರ್‌ನಲ್ಲಿ ತಾಲೀಮು ಶುರುವಾಯಿತು. ಪತ್ರಿಕೆಗಳಲ್ಲಿ ಈ ಭಾಗಕ್ಕೆ ಒಂದು ಫೋಟೋ ಸಿಕ್ಕರೆ ಹೆಚ್ಚು. ನನ್ನ ಪ್ರಕಾರ ಅಸಲಿ ಕೆಲಸ ಇಲ್ಲೇ.

ಬ್ರಿಸ್ಬೇನ್ ಸುತ್ತಲಿನ ನವೆಂಬರ್‌ನಿಂದ ಫೆಬ್ರುವರಿ ಎಂದರೆ ಬಿಸಿಲಿನ ಜೊತೆ ಕಡಲ ತೇವ. ನಮ್ಮ ಮಂಗಳೂರಿನವರಿಗೆ ವಿವರಿಸಬೇಕಿಲ್ಲ. ಹಾಗಾಗಿ ಓಟವೆಲ್ಲ ಬೆಳಗಿನ ಹೊತ್ತಿಗೇ. ರಗ್ಬಿಯ ಕ್ಲಬ್ಬುಗಳಲ್ಲಿ ಬ್ರಾಂಕೊ ಎಂಬ ಪರೀಕ್ಷೆಯೊಂದಿದೆ. ಇಪ್ಪತ್ತು ಮೀಟರ್ ಓಡಿ ವಾಪಸು, ನಲವತ್ತು ಓಡಿ ವಾಪಸು, ಅರವತ್ತು ಓಡಿ ವಾಪಸು. ಹೀಗೆ ಬಿಡುವಿಲ್ಲದೆ ಐದು ಸುತ್ತು, ಒಟ್ಟು 1,200 ಮೀಟರ್. ಐದು ನಿಮಿಷದೊಳಗೆ ಮುಗಿಸದವರನ್ನು ಯಾರೂ ಬಯ್ಯುವುದಿಲ್ಲ, ಗೋಡೆಯ ಮೇಲಿನ ಪಟ್ಟಿಯೇ ಬಯ್ಯುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ, ಅಂಗಿಯೊಳಗೆ, ಜಿಪಿಎಸ್ ಯಂತ್ರ. ಯಾರು ಎಷ್ಟು ಓಡಿದರು, ಎಷ್ಟು ವೇಗದಲ್ಲಿ, ಎಲ್ಲಿ ನಿಧಾನಿಸಿದರು ಎಂದು ಅದು ಚಾಡಿ ಹೇಳುತ್ತದೆ. ಚರ್ಮವನ್ನು ಚಿವುಟಿ ಕೊಬ್ಬಿನ ದಪ್ಪ ಅಳೆಯುತ್ತಾರೆ. ರಜೆಯಲ್ಲಿ ಏನೇನು ತಿಂದರೆಂದು ಬೇರೆ ಕೇಳಬೇಕಾಗಿಲ್ಲ.

ಇದಾದ ಮೇಲೆ ಮಲ್ಲಯುದ್ಧ. ಚೆಂಡು ಹಿಡಿದವನನ್ನು ಕೆಡವಿದ ಮೇಲೆ ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದೆ ಉರುಳಿಸುವ ತನಕದ ಎರಡು ಮೂರು ಸೆಕೆಂಡುಗಳಲ್ಲಿ ಪಂದ್ಯದ ಗತಿ ಅಡಗಿದೆ. ಅವನನ್ನು ಬೆನ್ನ ಮೇಲೆ ಮಲಗಿಸಿದರೆ ಏಳಲು ತಡವಾಗುತ್ತದೆ, ಅಷ್ಟರಲ್ಲಿ ನಿಮ್ಮ ಗೆರೆ ಕಟ್ಟಿಕೊಳ್ಳುತ್ತದೆ. ಮೊಣಕಾಲ ಮೇಲೆ ಬಿದ್ದರೆ ತಕ್ಷಣ ಏಳುತ್ತಾನೆ, ನೀವು ಇನ್ನೂ ಹಿಂದೆ ಓಡುತ್ತಿರುತ್ತೀರಿ. ಇದನ್ನು ಕಲಿಸಲೆಂದೇ ಕುಸ್ತಿ, ಜುಜುತ್ಸು ಗೊತ್ತಿರುವ ತರಬೇತುದಾರರನ್ನು ಇಟ್ಟುಕೊಳ್ಳುತ್ತಾರೆ. ಮೆಲ್ಬರ್ನ್ ಕ್ಲಬ್ಬು ಈ ವಿದ್ಯೆಯಲ್ಲಿ ಲೀಗಿಗೇ ಗುರು. ಅಲ್ಲಿಂದ ಬಂದ ಮೂವರು ಟ್ಯಾಕಲ್ ಮಾಡುವ ತೋಳುಗಳ ಜೊತೆ ಆ ಪಾಠವನ್ನೂ ತಂದರು.

ಹೊಸ ತಂಡಕ್ಕೆ ದಾಳಿಗಿಂತ ರಕ್ಷಣೆ ಕಷ್ಟ. ದಾಳಿಯಲ್ಲಿ ಚುರುಕಾದ ಒಬ್ಬನೇ ಪಂದ್ಯ ತಿರುಗಿಸಬಹುದು. ರಕ್ಷಣೆಯಲ್ಲಿ ಹದಿಮೂರು ಜನ ಒಂದೇ ಹೆಜ್ಜೆಯಲ್ಲಿ ಮುಂದೆ ಬರಬೇಕು. ನನ್ನ ಒಳಬದಿಯ ಮನುಷ್ಯ ತನ್ನ ಎದುರಾಳಿಯನ್ನು ಹಿಡಿಯುತ್ತಾನೆ ಎಂಬ ನಂಬಿಕೆ ಇದ್ದರೆ ನಾನು ನನ್ನವನ ಮೇಲೆ ಕಣ್ಣಿಡುತ್ತೇನೆ. ಅನುಮಾನ ಬಂದರೆ ಒಂದು ಹೆಜ್ಜೆ ಒಳಗೆ ಸರಿಯುತ್ತೇನೆ, ಹೊರಗೆ ಕಂಡಿ ಬೀಳುತ್ತದೆ, ಚೆಂಡು ಅಲ್ಲಿಂದಲೇ ತೂರುತ್ತದೆ. ಬೇರೆ ಬೇರೆ ಕ್ಲಬ್ಬುಗಳಿಂದ ಬಂದವರಿಗೆ ಇಲ್ಲಿ ಇನ್ನೊಂದು ಪೇಚು. ಮುಂದೆ ನುಗ್ಗು, ಕಾಯಿ, ಹೊರಗೆ ಜಾರು ಎಂದು ಕೂಗುವ ಸಂಕೇತಗಳು ಪ್ರತಿ ಕ್ಲಬ್ಬಿನಲ್ಲೂ ಬೇರೆ. ದಣಿದಾಗ ಬಾಯಿಗೆ ಬರುವುದು ಹಳೆಯ ಕ್ಲಬ್ಬಿನ ಕೂಗು. ಆದ್ದರಿಂದ ಉಸಿರು ಕಟ್ಟುವಷ್ಟು ಓಡಿಸಿ, ಆ ದಣಿವಿನಲ್ಲೇ ಗೆರೆ ಕಟ್ಟಿಸಿ, ಕೂಗಿಸುತ್ತಾರೆ. ಅಕ್ಕಪಕ್ಕ ನಿಲ್ಲುವವರನ್ನು ಊಟದ ಮೇಜಿನಲ್ಲೂ ಅಕ್ಕಪಕ್ಕ ಕೂರಿಸುವ ಕೋಚ್‌ಗಳಿದ್ದಾರೆ.

ತಾಲೀಮು ಶುರುವಾದಾಗ ನಾಯಕನಾಗಬೇಕಿದ್ದವರೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಜೆಸ್ಸಿ ಬ್ರಾಮ್‌ವಿಚ್ ನ್ಯೂಜಿಲೆಂಡನ್ನು ಮುನ್ನಡೆಸುತ್ತಿದ್ದರು, ಹದಿಹರೆಯದ ಕಟೋವಾ ಟೊಂಗಾ ಪರ ಆಡುತ್ತಿದ್ದರು. ಅಲ್ಲಿಂದ ಬಂದವರಿಗೆ ಕಡ್ಡಾಯ ರಜೆ ಬೇರೆ. ಡಿಸೆಂಬರ್ ಕೊನೆಗೆ ಕ್ರಿಸ್‌ಮಸ್ ಬಿಡುವು. ಲೆಕ್ಕ ಹಾಕಿದರೆ ಇಡೀ ತಂಡ ಒಟ್ಟಿಗೆ ನಿಂತು ಅಭ್ಯಾಸ ಮಾಡಲು ಸಿಕ್ಕಿದ್ದು ಜನವರಿ, ಫೆಬ್ರುವರಿ ಮಾತ್ರ.

ಇದರ ನಡುವೆ ಆ ಹಳೆಯ ಸಂಬಳದ ಜಗಳ. ಆಟಗಾರರ ಸಂಘಕ್ಕೂ ಲೀಗಿಗೂ ಹೊಸ ಒಪ್ಪಂದ ಕುದುರಿರಲಿಲ್ಲ. 2023ರ ಮಿತಿ ಸುಮಾರು 1.2 ಕೋಟಿ ಡಾಲರ್ ಎಂದು ಕ್ಲಬ್ಬುಗಳಿಗೆ ಗೊತ್ತಾದದ್ದು 2022ರ ಡಿಸೆಂಬರ್‌ನಲ್ಲಿ. ಅಂದರೆ ಕಿಸೆಯಲ್ಲಿ ಎಷ್ಟಿದೆ ಎಂದು ತಿಳಿಯದೆಯೇ ಒಸುಲಿವನ್ ವರ್ಷವಿಡೀ ಸಂತೆ ಮಾಡಿದ್ದರು. ಹಳೆಯ ಕ್ಲಬ್ಬುಗಳಿಗೂ ಇದು ತೊಂದರೆಯೇ. ಆದರೆ ಅವರು ತುಂಬಬೇಕಿದ್ದುದು ಐದಾರು ಜಾಗ, ಇವರದು ಪೂರ್ತಿ ಪಟ್ಟಿ.

2023ರ ಮಾರ್ಚ್ 5, ಭಾನುವಾರ. ಬ್ರಿಸ್ಬೇನ್‌ನ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಎದುರಿಗೆ ತಾರೆಗಳಿಂದ ತುಂಬಿದ ಸಿಡ್ನಿ ರೂಸ್ಟರ್ಸ್. ಡಾಲ್ಫಿನ್ಸ್ 28–18ರಿಂದ ಗೆದ್ದಿತು. ಮುಂದಿನ ಎರಡು ಪಂದ್ಯಗಳಲ್ಲಿ ಕ್ಯಾನ್‌ಬೆರಾ, ನ್ಯೂಕ್ಯಾಸಲ್ ಸೋತವು. ಮೂರಕ್ಕೆ ಮೂರು. ನಾಲ್ಕನೇ ವಾರ ಊರಿನ ಅಣ್ಣ ಬ್ರಾಂಕೋಸ್ ಎದುರು ಐವತ್ತು ಸಾವಿರ ಜನರ ಮುಂದೆ 18–12ರಿಂದ ಸೋತರು, ಸೋತರೂ ತಲೆ ತಗ್ಗಿಸಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದರೆ ಕತೆ ಸಿನಿಮಾ ಆಗುತ್ತದೆ. ವರ್ಷದ ಮಧ್ಯೆ ಪೆಟ್ಟುಗಳು ಶುರುವಾದವು. ರಾಜ್ಯಗಳ ನಡುವಿನ ಒರಿಜಿನ್ ಪಂದ್ಯದಲ್ಲಿ ಗಿಲ್ಬರ್ಟ್ ಅವರ ಭುಜ ಜಾರಿ ಉಳಿದ ಋತುವೇ ಹೋಯಿತು. ಮೊದಲ ಹದಿಮೂರರ ಹಿಂದೆ ಬಲವಾದ ಎರಡನೇ ಸಾಲು ಇಲ್ಲದ್ದು ಆಗ ಕಂಡಿತು. ಹೊಸ ಕ್ಲಬ್ಬಿಗೆ ತನ್ನದೇ ಕಿರಿಯರು ಬೆಳೆದು ಬರಲು ವರ್ಷಗಳು ಬೇಕು, ಹಿರಿಯರ ಮೈ ಅಷ್ಟು ಕಾಲ ಕಾಯುವುದಿಲ್ಲ. ಒಂಬತ್ತು ಗೆಲುವು, ಹದಿನೈದು ಸೋಲು, ಹದಿನೇಳರಲ್ಲಿ ಹದಿಮೂರನೇ ಸ್ಥಾನ. ಯಾರೂ ಜಗಳವಾಡದೆ ಬಿಟ್ಟುಕೊಟ್ಟಿದ್ದ ಇಸಾಕೊ ಆ ವರ್ಷ ಇಡೀ ಲೀಗಿನಲ್ಲೇ ಅತಿ ಹೆಚ್ಚು ಟ್ರೈ ಮತ್ತು ಅತಿ ಹೆಚ್ಚು ಅಂಕ ಎರಡನ್ನೂ ಗಳಿಸಿದರು. ಟಬುವಾಯ್-ಫಿಡೊ ಕ್ವೀನ್ಸ್‌ಲ್ಯಾಂಡ್ ಪರ ಒರಿಜಿನ್ ಆಡಿದರು. ಕಟೋವಾ ಹಾಫ್ ಜಾಗದಲ್ಲಿ ಬೇರು ಬಿಟ್ಟರು.

ಅದಕ್ಕಿಂತ ದೊಡ್ಡ ಫಲ ಮುಂದಿನ ಸಂತೆಯಲ್ಲಿ ಸಿಕ್ಕಿತು. 2023ರಲ್ಲಿ ಫೈನಲ್ ತಲುಪಿದ ಬ್ರಾಂಕೋಸ್ ತಂಡದ ಇಂಗ್ಲಿಷ್ ಸೆಂಟರ್ ಹರ್ಬಿ ಫಾರ್ನ್‌ವರ್ತ್, ಪ್ರಾಪ್ ಥಾಮಸ್ ಫ್ಲೆಗ್ಲರ್ ಇಬ್ಬರೂ 2024ಕ್ಕೆ ಡಾಲ್ಫಿನ್ಸ್ ಸೇರಿದರು. ಎರಡು ವರ್ಷದ ಹಿಂದೆ ತಾರೆಗಳು ಬಾಗಿಲು ಹಾಕಿಕೊಂಡಿದ್ದ ಕ್ಲಬ್ಬಿಗೆ ಈಗ ತಾರೆಗಳು ತಾವಾಗಿ ಬಂದರು. ಫಾರ್ನ್‌ವರ್ತ್ ಮಿಂಚಿದರು, ಫ್ಲೆಗ್ಲರ್ 2024ರ ಆರಂಭದಲ್ಲೇ ಭುಜದ ನರಕ್ಕೆ ಪೆಟ್ಟಾಗಿ ಬಹುಕಾಲ ಹೊರಗುಳಿದರು. ಎಷ್ಟೇ ಜಾಣತನದಿಂದ ಆರಿಸಿದರೂ ಮೈಯೊಂದನ್ನು ಯಾವ ಒಪ್ಪಂದದಲ್ಲೂ ಬರೆಸಿಕೊಳ್ಳಲಾಗುವುದಿಲ್ಲ. 2024ರ ಕೊನೆಗೆ ಬೆನೆಟ್ ಸೌತ್ ಸಿಡ್ನಿಗೆ ಮರಳಿದರು. ಅವರ ಸಹಾಯಕರಾಗಿದ್ದ ಕ್ರಿಸ್ಟಿಯನ್ ವುಲ್ಫ್ ಮುಖ್ಯ ಕೋಚ್ ಆದರು. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ಗೆ ಸತತ ಮೂರು ಕಪ್ ಗೆದ್ದುಕೊಟ್ಟವರು ಇವರು. ಆದರೂ ಮೊದಲ ಮೂರು ಋತುಗಳಲ್ಲಿ ಡಾಲ್ಫಿನ್ಸ್ ಒಮ್ಮೆಯೂ ಅಗ್ರ ಎಂಟರೊಳಗೆ ಬರಲಿಲ್ಲ. ಇದರಿಂದ ಯೋಜನೆ ಸೋತಿತೆಂದು ನಾನು ಹೇಳುವುದಿಲ್ಲ. ಅವರ ಯೋಜನೆ ಮರ್ಯಾದೆಯಿಂದ ಬದುಕಿ ಉಳಿಯಲು ಹಾಕಿಕೊಂಡದ್ದು, ಅದು ಫಲಿಸಿತು. ಕಪ್ ಗೆಲ್ಲಲು ಬೇರೆಯೇ ಯೋಜನೆ ಬೇಕು, ಅದು ಇನ್ನೂ ಅವರ ಕೈಗೆ ಸಿಕ್ಕಿಲ್ಲ.

ಇದೇ ಕೆಲಸ ಈಗ ಇನ್ನಿಬ್ಬರ ಹೆಗಲಿಗೆ ಬಿದ್ದಿದೆ. ಪರ್ತ್ ಬೇರ್ಸ್ 2027ರಲ್ಲಿ, ಪಾಪುವಾ ನ್ಯೂಗಿನಿಯ ತಂಡ 2028ರಲ್ಲಿ ಲೀಗಿಗೆ ಬರುತ್ತವೆ. ಪಾಪುವಾ ನ್ಯೂಗಿನಿಯವರು ಆಟಗಾರರಿಗೆ ಆದಾಯ ತೆರಿಗೆ ಮಾಫಿ ಮಾಡುತ್ತೇವೆ ಎಂದು ಆಸೆ ತೋರಿಸಿದ್ದಾರೆ. ಪರ್ತ್‌ಗೆ ಆ ಅನುಕೂಲವಿಲ್ಲ. ಸಿಡ್ನಿಯಿಂದ ವಿಮಾನದಲ್ಲಿ ಐದು ಗಂಟೆ ದೂರ, ಸುತ್ತಮುತ್ತ ಬೇರೆ ಆಟದ ಹುಚ್ಚು. ಕೋಚ್ ಆಗಿ ಮಾಲ್ ಮೆನಿಂಗಾ ಎಂಬ ಹಳೆಯ ದಿಗ್ಗಜ ಬಂದಿದ್ದಾರೆ. ಅಲ್ಲಿಯೂ ಪತ್ರಿಕೆಗಳು ತಾರೆಗಳ ಹೆಸರನ್ನೇ ಹಿಡಿದು ಕೂರುತ್ತವೆ. 2027ರ ಮಾರ್ಚ್‌ನಲ್ಲಿ ಪರ್ತ್‌ನ ಮೊದಲ ಹದಿಮೂರರ ಪಟ್ಟಿ ನಿಮ್ಮ ಕೈಗೆ ಸಿಕ್ಕರೆ ಒಂದನೇ, ಏಳನೇ ಅಂಗಿ ಯಾರದು ಎಂದು ಆಮೇಲೆ ನೋಡಿ. ಎಂಟು ಮತ್ತು ಹತ್ತನೇ ಅಂಗಿ ಯಾರಿಗೆ ಕೊಟ್ಟಿದ್ದಾರೆ ಎಂದು ಮೊದಲು ನೋಡಿ.